ಕಿಲುಬಿನ ನೀಲಿಗೂ ತಕ್ಕಡಿ ಬೇಕು

ತಾಮ್ರದ ತಂತಿಯ ನಾಲ್ಕು ತುಂಡು, ಒಂದು ಗಾಜಿನ ಭರಣಿ, ಅಡುಗೆಯ ವಿನೆಗರ್, ಚಿಟಿಕೆ ಉಪ್ಪು. ಇಷ್ಟಿದ್ದರೆ ಬಿಳಿ ಉಣ್ಣೆಯ ನೂಲಿಗೆ ಸಮುದ್ರದಂಥ ಹಸಿರು-ನೀಲಿ ಬಣ್ಣ ಕಟ್ಟಬಹುದು ಎನ್ನುತ್ತಾರೆ ಮನೆಯಲ್ಲೇ ನೂಲಿಗೆ ಬಣ್ಣ ಹಾಕುವ ಹವ್ಯಾಸಿಗಳು. ಮಾತು ಸುಳ್ಳಲ್ಲ, ಕೆಲವು ದಿನ ಕಾದರೆ ಬಣ್ಣ ಬಂದೇ ಬರುತ್ತದೆ. ಗಿಡಮೂಲಿಕೆಗಳಲ್ಲಿ ಹಳದಿ, ಕಂದು, ಕೆಂಪು ಧಾರಾಳವಾಗಿ ಸಿಗುತ್ತವೆ. ನೀಲಿ ಮಾತ್ರ ಅಪರೂಪ. ನೀಲಿಗಿಡದ ಹುದುಗಿನ ತೊಟ್ಟಿ ಕಟ್ಟುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಹಾಗಾಗಿ ತಾಮ್ರದ ಭರಣಿಯ ಮೋಹ ಅರ್ಥವಾಗುವಂಥದ್ದೇ. ತೊಂದರೆ ಇರುವುದು ಅದಕ್ಕೆ ಅಂಟಿಕೊಂಡ ಎರಡು ವಿಶೇಷಣಗಳಲ್ಲಿ: 'ಮನೆಯದು' ಮತ್ತು 'ನೈಸರ್ಗಿಕ'. ಅಡುಗೆಮನೆಯ ಸಾಮಾನುಗಳಿಂದ ಆದದ್ದು, ಆದ್ದರಿಂದ ನಿರಪಾಯ ಎಂಬ ತೀರ್ಮಾನಕ್ಕೆ ನಾವು ಬಲು ಬೇಗ ಬಂದುಬಿಡುತ್ತೇವೆ. ಆದರೆ ಕೇಳಬೇಕಾದದ್ದು ತಾಮ್ರ ಎಲ್ಲಿಂದ ಬಂತು ಎಂದಲ್ಲ. ಎಷ್ಟು ಬಂತು, ಅದರಲ್ಲಿ ನೂಲಿಗೆ ಎಷ್ಟು ಹತ್ತಿತು, ಚರಂಡಿಗೆ ಎಷ್ಟು ಹೊರಟಿತು ಎಂದು. ಈ ಮೂರು ಲೆಕ್ಕ ಹಾಕಿ ನೋಡಿದರೆ ಅನಿರೀಕ್ಷಿತವಾದ ಉತ್ತರ ಸಿಗುತ್ತದೆ: ಭರಣಿಯಲ್ಲಿ ತಾನಾಗಿ ಕರಗಿದ ತಾಮ್ರಕ್ಕಿಂತ ಅಂಗಡಿಯಿಂದ ತಂದು ತೂಗಿ ಹಾಕಿದ ಎರಡು ಗ್ರಾಂ ಮೈಲುತುತ್ತವೇ (ತಾಮ್ರದ ಸಲ್ಫೇಟ್) ಹೆಚ್ಚು ಜವಾಬ್ದಾರಿಯ ದಾರಿ.

ಮೊದಲು ಭರಣಿಯೊಳಗೆ ಏನಾಗುತ್ತದೆ ನೋಡೋಣ. ಸತು, ಕಬ್ಬಿಣದಂಥ ಲೋಹಗಳು ಆಮ್ಲಕ್ಕೆ ಬಿದ್ದ ಕೂಡಲೇ ಗುಳ್ಳೆ ಬಿಡುತ್ತ ಕರಗುತ್ತವೆ. ತಾಮ್ರ ಹಾಗಲ್ಲ, ವಿನೆಗರ್ ಒಂದೇ ಅದನ್ನು ಅಲುಗಿಸಲಾರದು. ಗಾಳಿಯಲ್ಲಿರುವ ಆಮ್ಲಜನಕ ಮೊದಲು ಲೋಹದ ಮೈಮೇಲೆ ಆಕ್ಸೈಡಿನ ತೆಳು ಪದರ ಕಟ್ಟಬೇಕು, ಆಮ್ಲ ಆ ಪದರವನ್ನು ಕರಗಿಸಬೇಕು, ಮತ್ತೆ ಹೊಸ ಪದರ ಕಟ್ಟಬೇಕು. ದ್ರವವೂ ಗಾಳಿಯೂ ಕೂಡುವ ಅಂಚಿನಲ್ಲೇ ಹಸಿರು ಮೊದಲು ಕಾಣಿಸುವುದು ಇದಕ್ಕಾಗಿ. ಉಪ್ಪು ಈ ಕ್ರಿಯೆಗೆ ಚುರುಕು ಕೊಡುತ್ತದೆ. ವಿನೆಗರ್ ಬದಲು ಅಮೋನಿಯಾ ಬಳಸಿದರೆ ಅದೇ ತಾಮ್ರ ಅಮೋನಿಯಾದ ಅಣುಗಳನ್ನು ಸುತ್ತಲೂ ಕಟ್ಟಿಕೊಂಡು ಗಾಢ ನೀಲಿಯಾಗುತ್ತದೆ. ಇದೆಲ್ಲ ಹೊಸ ಶೋಧವೇನೂ ಅಲ್ಲ. 18ನೆಯ ಶತಮಾನದಲ್ಲಿ ಫ್ರಾನ್ಸಿನ ಮೊಂಪೆಲಿಯೇ ನಗರದ ಹೆಂಗಸರು ತಂತಮ್ಮ ಮನೆಯ ನೆಲಮಾಳಿಗೆಯಲ್ಲಿ ತಾಮ್ರದ ತಗಡುಗಳನ್ನು ದ್ರಾಕ್ಷಿಯ ಚರಟದ ನಡುವೆ ಪೇರಿಸಿಟ್ಟು, ಮೇಲೆ ಕಟ್ಟಿದ ಕಿಲುಬನ್ನು ಕೆರೆದು ಮಾರುತ್ತಿದ್ದರು. ಚಿತ್ರಕಾರರೂ ಬಣ್ಣಗಾರರೂ ಅದನ್ನು ಕೊಳ್ಳುತ್ತಿದ್ದರು. ಅವರದು ಗೃಹೋದ್ಯಮವೇ, ಆದರೆ ಅವರ ಕೈಯಿಂದ ಹೊರಬೀಳುತ್ತಿದ್ದದ್ದು ಒಣಗಿಸಿ, ತೂಗಿ, ಬೆಲೆ ಕಟ್ಟಿದ ಸರಕು. ಎಷ್ಟು ತಾಮ್ರವಿದೆಯೆಂದು ಗೊತ್ತಿಲ್ಲದ ನೀಲಿ ನೀರಲ್ಲ.

ತಾಮ್ರ ಉಣ್ಣೆಗೆ ಹತ್ತುವುದೇಕೆ ಎಂಬುದಕ್ಕೆ ಉಣ್ಣೆಯ ರಚನೆಯಲ್ಲೇ ಕಾರಣವಿದೆ. ಉಣ್ಣೆ ಕೆರಾಟಿನ್ ಎಂಬ ಪ್ರೋಟೀನು. ಅದರ ಉದ್ದಕ್ಕೂ ಇರುವ ಆಮ್ಲೀಯ, ಅಮೈನೋ ಮತ್ತು ಗಂಧಕದ ಗುಂಪುಗಳು ತಾಮ್ರದ ಅಯಾನನ್ನು ಹಿಡಿದಿಟ್ಟುಕೊಳ್ಳುತ್ತವೆ. ರೇಷ್ಮೆಯೂ ಪ್ರೋಟೀನೇ, ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನಿಂದ ಬಿಚ್ಚಿದ ನೂಲೂ ತಾಮ್ರವನ್ನು ಒಪ್ಪಿಕೊಳ್ಳುತ್ತದೆ. ವಿನೆಗರ್ ಹೆಚ್ಚು ಸುರಿದಷ್ಟೂ ಬಣ್ಣ ಹೆಚ್ಚು ಹತ್ತುತ್ತದೆ ಎಂದು ಹಲವರು ನಂಬುತ್ತಾರೆ. ನಡೆಯುವುದು ಇದಕ್ಕೆ ತಿರುಗುಮುರುಗು. ಆಮ್ಲ ಅತಿಯಾದರೆ ಜಲಜನಕದ ಅಯಾನುಗಳು ಅದೇ ಜಾಗಗಳಿಗೆ ಮುತ್ತಿಗೆ ಹಾಕಿ ತಾಮ್ರವನ್ನು ಹೊರಗೇ ನಿಲ್ಲಿಸುತ್ತವೆ. ಕ್ಷಾರ ಹೆಚ್ಚಾದರೆ ಬಿಸಿಯಲ್ಲಿ ಉಣ್ಣೆಯೇ ಶಿಥಿಲವಾಗುತ್ತದೆ. ಹತ್ತಿಯ ಕಥೆ ಬೇರೆ. ಅದು ಸೆಲ್ಯುಲೋಸ್, ತಾಮ್ರವನ್ನು ಹಿಡಿಯುವ ಗುಂಪುಗಳು ಅದರಲ್ಲಿ ತೀರ ಕಡಿಮೆ. ಅದಕ್ಕಿಂತ ಮುಖ್ಯವಾಗಿ, 1857ರಲ್ಲಿ ಸ್ವಿಟ್ಸರ್ಲೆಂಡಿನ ರಸಾಯನಶಾಸ್ತ್ರಜ್ಞ ಮಥಿಯಾಸ್ ಎಡ್ವರ್ಡ್ ಶ್ವೈಟ್ಸರ್ ಒಂದು ಸಂಗತಿಯನ್ನು ಕಂಡುಕೊಂಡ: ತಾಮ್ರದ ಹೈಡ್ರಾಕ್ಸೈಡನ್ನು ಗಾಢ ಅಮೋನಿಯಾದಲ್ಲಿ ಕರಗಿಸಿದ ನೀಲಿ ದ್ರಾವಣ ಹತ್ತಿಯನ್ನೇ ಕರಗಿಸಿಬಿಡುತ್ತದೆ. ಹಾಗೆ ಕರಗಿದ ಸೆಲ್ಯುಲೋಸನ್ನು ಸಣ್ಣ ರಂಧ್ರಗಳಿಂದ ಹಾಯಿಸಿ ಮತ್ತೆ ಎಳೆಯಾಗಿಸಿದ್ದೇ ಬೆಂಬರ್ಗ್ ಹೆಸರಿನ ಕೃತಕ ರೇಷ್ಮೆ. ಮನೆಯ ಭರಣಿಯ ದ್ರಾವಣ ಅಷ್ಟು ಗಾಢವಿರುವುದಿಲ್ಲ, ನಿಜ. ಆದರೂ ಅಮೋನಿಯಾ-ತಾಮ್ರದ ನೀರಿನಲ್ಲಿ ಖಾದಿಯ ಲಡಿಯನ್ನು ನೆನೆಹಾಕುವವರು ನೆನಪಿಡಬೇಕಾದ ಮಾತು ಇದು. ಹತ್ತಿಗೆ ತಾಮ್ರ ಹತ್ತಬೇಕಾದರೆ ನಡುವೆ ಮಧ್ಯಸ್ಥ ಬೇಕು. ಅಳಲೆಕಾಯಿಯ ಟ್ಯಾನಿನ್ ಆ ಕೆಲಸ ಮಾಡುತ್ತದೆ. ಮೊದಲು ಅಳಲೆಯ ನೀರು, ಆಮೇಲೆ ಲೋಹದ ನೀರು ಎಂಬ ಕ್ರಮ ಭಾರತದ ಬಣ್ಣಗಾರರಿಗೆ ಬಹಳ ಹಿಂದಿನಿಂದ ತಿಳಿದದ್ದು.

ಇಷ್ಟಾದರೂ ತಾಮ್ರವೊಂದರಿಂದಲೇ ಬರುವ ಬಣ್ಣ ತೆಳುವೇ. ಬೆಳಕನ್ನು ಹೀರುವುದರಲ್ಲಿ ತಾಮ್ರದ ಅಯಾನು, ಬಣ್ಣಕ್ಕೆಂದೇ ಬಳಸುವ ಸಾವಯವ ಅಣುಗಳಿಗಿಂತ ನೂರಾರು ಪಟ್ಟು ದುರ್ಬಲ. ಹಾಗಾಗಿ ಕಣ್ಣಿಗೆ ಕಾಣುವಷ್ಟು ನೀಲಿ ಬರಬೇಕಾದರೆ ತಾಮ್ರವನ್ನು ಧಾರಾಳವಾಗಿ ಸುರಿಯಬೇಕು; ಬಂದ ಬಣ್ಣವೂ ಬಿಳಿ ನೂಲಿನ ಮೇಲೆ ಮಾತ್ರ ತೋರುತ್ತದೆ. ಚಳ್ಳಕೆರೆಯ ಕಂಬಳಿಯ ಕರಿ ಉಣ್ಣೆಯ ಮೇಲೆ ಅದರ ಸುಳಿವೂ ಸಿಗದು. ಅದು ಗಟ್ಟಿಯೂ ಅಲ್ಲ: ಹುಳಿ ತಾಗಿದರೆ ಹಸಿರಿಗೆ, ಕ್ಷಾರ ತಾಗಿದರೆ ನೀಲಿಗೆ ವಾಲುತ್ತದೆ, ಲೋಹವನ್ನು ಸೆಳೆಯುವ ಅಂಶಗಳಿರುವ ಮಾರ್ಜಕದಲ್ಲಿ ಒಗೆದರೆ ಬಿಟ್ಟೇ ಹೋಗುತ್ತದೆ. ಆದರೆ ಇದೇ ತಾಮ್ರವನ್ನು ಬಣ್ಣವಾಗಿ ಬಳಸದೆ ಬಣ್ಣಬಂಧಕವಾಗಿ ಬಳಸಿದರೆ ಚಿತ್ರವೇ ಬದಲಾಗುತ್ತದೆ. ಚೆಂಡುಹೂವು, ದಾಳಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆಯ ಹಳದಿ ಅಣುಗಳನ್ನು ತಾಮ್ರ ಒಂದು ಕೈಯಿಂದಲೂ ನೂಲನ್ನು ಇನ್ನೊಂದು ಕೈಯಿಂದಲೂ ಹಿಡಿಯುತ್ತದೆ; ಚಿಟಿಕೆ ತಾಮ್ರದಲ್ಲಿ ಹಳದಿ ಹೋಗಿ ಪಾಚಿಹಸಿರು, ಕಂಚಿನ ಕಂದು ಬರುತ್ತವೆ. ಬಾಳಿಕೆಯೂ ಹೆಚ್ಚು. ಅಮೆರಿಕದ ಸಂಶೋಧಕಿ ಪೆಟ್ರಿಷಿಯಾ ಕಾಕ್ಸ್ ಕ್ರೂಸ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಲವು ಹಳದಿ ಸಸ್ಯಬಣ್ಣಗಳನ್ನು ಬೇರೆ ಬೇರೆ ಲೋಹಗಳೊಂದಿಗೆ ಉಣ್ಣೆಗೆ ಕಟ್ಟಿ ಬೆಳಕಿಗೆ ಒಡ್ಡಲಾಯಿತು. ಪಟಿಕ ಮತ್ತು ತವರದಿಂದ ಕಟ್ಟಿದವು ಹೆಚ್ಚು ಮಾಸಿದವು. ತಾಮ್ರ, ಕಬ್ಬಿಣ, ಕ್ರೋಮಿಯಂನಿಂದ ಕಟ್ಟಿದವು ಕಡಿಮೆ ಮಾಸಿದವು. ಈ ಮೂರರಲ್ಲಿ ಕ್ರೋಮಿಯಂ ಅನ್ನು ಡೈಕ್ರೋಮೇಟ್ ರೂಪದಲ್ಲಿ ಬಳಸುತ್ತಾರೆ. ಅದು ಕ್ಯಾನ್ಸರ್‌ಕಾರಕ, ಮನೆಯೊಳಕ್ಕೆ ತರಲೇಬಾರದು. ಕಬ್ಬಿಣ ಎಲ್ಲ ಬಣ್ಣವನ್ನೂ ಮಂಕು ಮಾಡುತ್ತದೆ. ತಾಮ್ರಕ್ಕೆ ಜಾಗವಿರುವುದು ಇಲ್ಲಿ, ಬಣ್ಣದ ಸಹಾಯಕನ ಸ್ಥಾನದಲ್ಲಿ. ಆ ಸ್ಥಾನಕ್ಕೆ ಅದು ತೀರ ಸ್ವಲ್ಪ ಸಾಕು.

'ಸ್ವಲ್ಪ' ಎಂದ ಕೂಡಲೇ ತಕ್ಕಡಿ ಬೇಕಾಗುತ್ತದೆ. ಒಣ ನೂಲಿನ ತೂಕದ ನೂರಕ್ಕೆ ಎರಡರಿಂದ ನಾಲ್ಕು ಭಾಗ ಮೈಲುತುತ್ತ ಎಂಬುದು ಬಣ್ಣಗಾರರು ಸಾಮಾನ್ಯವಾಗಿ ಬಳಸುವ ಪ್ರಮಾಣ. ನೂರು ಗ್ರಾಂ ಲಡಿಗೆ ಎರಡು ಗ್ರಾಂ ಹಾಕಿದರೆ ಅದರಲ್ಲಿರುವ ತಾಮ್ರ ಸುಮಾರು ಅರ್ಧ ಗ್ರಾಂ. ಮೈಲುತುತ್ತದ ತೂಕದಲ್ಲಿ ಕಾಲುಪಾಲು ಮಾತ್ರ ತಾಮ್ರ. ಭರಣಿಯ ನೀರಿನಲ್ಲಿ ಎಷ್ಟಿದೆ? ಅದನ್ನು ಯಾರೂ ಹೇಳಲಾರರು. ತಂತಿಯ ಗಾತ್ರ, ಮುಚ್ಚಳದ ಬಿಗಿ, ಉಪ್ಪಿನ ಪ್ರಮಾಣ, ಹವೆಯ ಬಿಸಿ, ಕಾದ ದಿನ ಎಲ್ಲದರ ಮೇಲೂ ಅದು ನಿಂತಿದೆ. ನೀರಿನ ಬಣ್ಣ ನೋಡಿ ಅಳೆಯುತ್ತೇನೆ ಎಂದರೆ ಅದೂ ಆಗದು, ಏಕೆಂದರೆ ಅಷ್ಟೇ ತಾಮ್ರ ಅಮೋನಿಯಾದಲ್ಲಿ ಗಾಢವಾಗಿಯೂ ವಿನೆಗರ್‌ನಲ್ಲಿ ತೆಳುವಾಗಿಯೂ ಕಾಣುತ್ತದೆ. ಇನ್ನು ಲೋಹ ಶುದ್ಧವೇ ಎಂಬ ಪ್ರಶ್ನೆ. ಅಮೆರಿಕದ ಹವ್ಯಾಸಿಗಳು ಈ ವಿಧಾನಕ್ಕೆ ಪೆನ್ನಿ ನಾಣ್ಯಗಳನ್ನೂ ಬಳಸುತ್ತಾರೆ. 1982ಕ್ಕೆ ಮುಂಚಿನ ಪೆನ್ನಿಯಲ್ಲಿ ನೂರಕ್ಕೆ 95 ಭಾಗ ತಾಮ್ರವಿತ್ತು. ಆ ವರ್ಷದ ನಡುವಿನಿಂದ ಒಳಗೆಲ್ಲ ಸತು, ಮೇಲೆ ಮಾತ್ರ ತಾಮ್ರದ ಲೇಪ. ನಮ್ಮಲ್ಲಿ ಈಗ ಚಲಾವಣೆಯಲ್ಲಿರುವ ಒಂದು, ಎರಡು ರೂಪಾಯಿಗಳು ತುಕ್ಕು ಹಿಡಿಯದ ಉಕ್ಕಿನವು. ಐದು, ಹತ್ತರ ನಾಣ್ಯಗಳಲ್ಲಿ ತಾಮ್ರವಿದ್ದರೂ ಬೇರೆ ಲೋಹಗಳ ಜೊತೆ ಬೆರೆತಿದೆ. ಮೇಲಾಗಿ ನಾಣ್ಯವನ್ನು ನಾಶಮಾಡುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಅಪರಾಧ. ಗುಜರಿಯ ತಂತಿಗೆ ಅರಗಿನ ಲೇಪವಿರಬಹುದು, ತವರ ಹಚ್ಚಿರಬಹುದು. ಏನು ಕರಗಿದೆಯೋ, ಎಷ್ಟು ಕರಗಿದೆಯೋ ತಿಳಿಯದ ದ್ರವವನ್ನು ನೈಸರ್ಗಿಕ ಎಂದು ಕರೆದರೆ ಆ ಅಜ್ಞಾನ ಕಡಿಮೆಯಾಗುವುದಿಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು: ತಾಮ್ರದ ತಂಬಿಗೆಯ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಕುಡಿಯುತ್ತೇವೆ, ಮತ್ತೆ ತಾಮ್ರದ ಭಯವೇಕೆ? ಉತ್ತರ ನಮ್ಮ ಅಡುಗೆಮನೆಯ ಹಳೆಯ ಶಿಸ್ತಿನಲ್ಲೇ ಇದೆ. ಸಾದಾ ನೀರು ಹೆಚ್ಚುಕಡಿಮೆ ತಟಸ್ಥ. ಅದರಲ್ಲಿ ಕರಗುವ ತಾಮ್ರ ಅತ್ಯಲ್ಪ. ಆದರೆ ತಾಮ್ರ, ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸದೆ ಮಜ್ಜಿಗೆ, ಹುಣಸೆಹುಳಿ, ಉಪ್ಪಿನಕಾಯಿ ಇಡುತ್ತಿದ್ದವರು ಯಾರೂ ಇರಲಿಲ್ಲ. ಹುಳಿಗೆ ಕಿಲುಬೇರುತ್ತದೆ, ಕಿಲುಬು ಹೊಟ್ಟೆಗೆ ಹೋದರೆ ವಾಂತಿ ಎಂಬುದು ಅನುಭವದಿಂದ ಬಂದ ತಿಳಿವಳಿಕೆ. ಬಣ್ಣದ ಭರಣಿಯಲ್ಲಿ ನಾವು ಮಾಡುವುದು ಬೇಕೆಂದೇ ಕಿಲುಬು ಏರಿಸುವ ಕೆಲಸ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು; ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ವಿನಾಯಿತಿ. ಬಣ್ಣದ ನೀರಿನ ಪ್ರಮಾಣ ಇದಕ್ಕಿಂತ ನೂರಾರು ಪಟ್ಟು ಹೆಚ್ಚು. ಹಾಗೆಂದು ತಾಮ್ರ ಕಟ್ಟಿದ ಸ್ವೆಟರ್ ತೊಟ್ಟರೆ ವಿಷವೇರುತ್ತದೆ ಎಂದು ಹೆದರಬೇಕಿಲ್ಲ. ಚೆನ್ನಾಗಿ ಜಾಲಾಡಿದ ನೂಲಿನಲ್ಲಿ ಉಳಿದ ತಾಮ್ರ ಚರ್ಮದ ಮೂಲಕ ಒಳಗೆ ಹೋಗುವುದು ತೀರ ಕಡಿಮೆ. ಬಾಯಿಗೆ ಹಾಕಿಕೊಳ್ಳುವ ಕೂಸಿನ ಟೋಪಿಗೆ, ಆಟಿಕೆಗೆ ಮಾತ್ರ ಈ ನೂಲು ಬೇಡ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು, ಅದೂ ಮಲೆನಾಡು ಕರಾವಳಿಯವರಿಂದ ಬರುವಂಥದ್ದು. ಕೊಳೆರೋಗ ತಡೆಯಲು ಮಳೆಗಾಲದಲ್ಲಿ ಅಡಿಕೆ ಗೊನೆಗೆ ಹೊಡೆಯುವ ನೂರು ಲೀಟರ್ ಬೋರ್ಡೋ ದ್ರಾವಣದಲ್ಲಿ ಒಂದು ಕಿಲೋ ಮೈಲುತುತ್ತವಿರುತ್ತದೆ, ಅಂದರೆ ಸುಮಾರು 250 ಗ್ರಾಂ ತಾಮ್ರ. ತೋಟಕ್ಕೆ ಅಷ್ಟು ಸುರಿಯುವವರ ನಡುವೆ ಹವ್ಯಾಸಿಯ ಎರಡು ಗ್ರಾಂ ಯಾವ ಲೆಕ್ಕ? ಈ ಹೋಲಿಕೆಯಲ್ಲಿ ಎರಡು ಸಂಗತಿ ಬಿಟ್ಟುಹೋಗಿವೆ. ಬೋರ್ಡೋದಲ್ಲಿ ಮೈಲುತುತ್ತದಷ್ಟೇ ಸುಣ್ಣವಿರುತ್ತದೆ. ತಾಮ್ರ ಕರಗಿದ ರೂಪದಲ್ಲಿರದೆ ಗಷ್ಟಾಗಿ ಗೊನೆಗೆ ಅಂಟಿರುತ್ತದೆ, ಉದುರಿದ್ದು ವಿಶಾಲವಾದ ಮಣ್ಣಿಗೆ ಹಂಚಿಹೋಗುತ್ತದೆ. ಅಷ್ಟಾದರೂ ಅದು ಮಣ್ಣಿನಲ್ಲಿ ವರ್ಷದಿಂದ ವರ್ಷಕ್ಕೆ ಶೇಖರವಾಗುತ್ತದೆಂದು ಐರೋಪ್ಯ ಒಕ್ಕೂಟ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರದ ಮಿತಿ ಹಾಕಿದೆ. ಮನೆಯ ಬಣ್ಣದ ನೀರು ಹಾಗಲ್ಲ. ಪೂರ್ತಿ ಕರಗಿದ ತಾಮ್ರ, ಒಂದೇ ಕೊಳವೆಯಿಂದ, ಒಂದೇ ಗುಂಡಿಗೆ. ಲೆಕ್ಕ ಹಾಕಿ ನೋಡಿ: ನಾಲ್ಕು ಗ್ರಾಂ ಮೈಲುತುತ್ತ ಹಾಕಿ, ಅರ್ಧ ತಾಮ್ರ ನೂಲಿಗೆ ಹತ್ತಿ, ಅರ್ಧ ಮೂರು ಲೀಟರ್ ನೀರಿನಲ್ಲಿ ಉಳಿಯಿತೆಂದುಕೊಂಡರೆ ಲೀಟರಿಗೆ ಸುಮಾರು 165 ಮಿಲಿಗ್ರಾಂ. ಕಾರ್ಖಾನೆಯೊಂದು ಚರಂಡಿಗಾಗಲಿ ಹೊಳೆಗಾಗಲಿ ಬಿಡಬಹುದಾದ ನೀರಿನ ಮಿತಿ ಲೀಟರಿಗೆ ಮೂರು ಮಿಲಿಗ್ರಾಂ. ನಮ್ಮ ಅಡುಗೆಮನೆಯ ನೀರು ಅದಕ್ಕಿಂತ ಐವತ್ತು ಪಟ್ಟು ಗಾಢ. ಉತ್ಖನನಗಳಲ್ಲಿ ತಾಮ್ರದ ವಸ್ತುವಿಗೆ ಅಂಟಿಕೊಂಡ ಬಟ್ಟೆಯ ತುಣುಕು ಎಷ್ಟೋ ಸಲ ಕೊಳೆಯದೆ ಉಳಿದಿರುತ್ತದೆ, ಏಕೆಂದರೆ ತಾಮ್ರ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಶೌಚದ ಗುಂಡಿಯಲ್ಲಿ ಕೊಳೆಯನ್ನು ಅರಗಿಸುವ ಜೀವಿಗಳಿಗೂ, ಕೆರೆಯ ಪಾಚಿ ಮೀನುಗಳಿಗೂ ಅದೇ ಗತಿ. ಇನ್ನೊಂದು ವಿಪರ್ಯಾಸವೂ ಇದೆ: ಸಾಕುಪ್ರಾಣಿಗಳಲ್ಲಿ ತಾಮ್ರದ ವಿಷಕ್ಕೆ ಬಲು ಬೇಗ ತುತ್ತಾಗುವುದು ಉಣ್ಣೆ ಕೊಟ್ಟ ಕುರಿಯೇ. ಉಳಿದ ನೀರನ್ನು ಹಿತ್ತಲಿನ ಹುಲ್ಲಿಗೆ ಚೆಲ್ಲುವ ಮುನ್ನ ಇದನ್ನು ಯೋಚಿಸಬೇಕು.

ಪರಿಹಾರ ಕಷ್ಟದ್ದಲ್ಲ, ಆದರೆ ಅದಕ್ಕೂ ಅಳತೆ ಬೇಕು. ಉಳಿದ ನೀರನ್ನು ಎಸೆಯದೆ ಅದಕ್ಕೆ ಇನ್ನೊಂದು ಸಣ್ಣ ಲಡಿ ಹಾಕುವುದು ಮೊದಲ ಹೆಜ್ಜೆ. ಉಣ್ಣೆ ತನ್ನ ಪಾಲಿನ ತಾಮ್ರವನ್ನು ಹೀರಿಕೊಳ್ಳುತ್ತದೆ, ನಿಮಗೆ ತಿಳಿಬಣ್ಣದ ನೂಲೂ ಸಿಗುತ್ತದೆ. ಆಮೇಲೆ ಸುಣ್ಣದ ನೀರನ್ನೋ ವಾಷಿಂಗ್ ಸೋಡಾವನ್ನೋ ಸ್ವಲ್ಪ ಸ್ವಲ್ಪವೇ ಬೆರೆಸಿದರೆ ತಾಮ್ರ ಹಸಿರು-ನೀಲಿ ಗಷ್ಟಾಗಿ ತಳಕ್ಕಿಳಿಯುತ್ತದೆ. ಒಂದು ರಾತ್ರಿ ಬಿಟ್ಟು ಬಟ್ಟೆಯಲ್ಲಿ ಸೋಸಿ, ಗಷ್ಟನ್ನು ಒಣಗಿಸಿ, ಹಳೆಯ ಬ್ಯಾಟರಿ, ಪೇಂಟ್ ಡಬ್ಬಿಗಳಂಥ ಅಪಾಯಕಾರಿ ಕಸದ ಜೊತೆ ಕೊಡಬೇಕು. ನೀರಿನಲ್ಲಿ ಇನ್ನೂ ತಾಮ್ರವಿದೆಯೇ ಎಂದು ತಿಳಿಯಲು, ಗಷ್ಟು ಇಳಿಸುವ ಮುನ್ನ ಉಜ್ಜಿ ಹೊಳಪಿಸಿದ ಕಬ್ಬಿಣದ ಮೊಳೆಯೊಂದನ್ನು ಅದ್ದಿದರೆ ಸಾಕು; ತಾಮ್ರ ಹೆಚ್ಚಿದ್ದರೆ ಮೊಳೆ ಕೆಂಪಗಾಗುತ್ತದೆ. ಅಮೋನಿಯಾದ ವಿಧಾನವನ್ನು ಬಿಡಬೇಕೆನ್ನಲು ಮುಖ್ಯ ಕಾರಣ ಇಲ್ಲೇ ಇದೆ. ಅದರ ಘಾಟು, ಹತ್ತಿಗಾಗುವ ಹಾನಿ ಒಂದು ಕಡೆಗಿರಲಿ. ಅಮೋನಿಯಾ ತಾಮ್ರವನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಂದರೆ ಸುಣ್ಣ ಹಾಕಿದರೂ ಅದು ಸರಿಯಾಗಿ ಗಷ್ಟಾಗುವುದಿಲ್ಲ. ಎಲ್ಲಕ್ಕಿಂತ ಚೆಂದದ ನೀಲಿ ಕೊಡುವ ವಿಧಾನವೇ ಕೊನೆಯಲ್ಲಿ ಶುದ್ಧಗೊಳಿಸಲಾಗದ ನೀರನ್ನು ಬಿಟ್ಟುಹೋಗುತ್ತದೆ.

ಇಷ್ಟೆಲ್ಲ ರಗಳೆಗಿಂತ ಪೊಟ್ಟಣದ ಕೃತಕ ಬಣ್ಣವೇ ಲೇಸಲ್ಲವೇ ಎಂದು ಕೇಳುವವರಿದ್ದಾರೆ. ಗಾಢವಾದ, ಒಂದೇ ಸಮನಾದ ನೀಲಿ ಬೇಕೆನ್ನುವವರಿಗೆ ಹೌದು, ಅದೇ ಲೇಸು. ಇಲ್ಲವೇ ನೀಲಿಗಿಡದ ಬಣ್ಣ. ಆದರೆ ಕೃತಕ ಬಣ್ಣವೆಂದರೆ ಲೋಹವಿಲ್ಲದ್ದು ಎಂಬುದು ತಪ್ಪು ಕಲ್ಪನೆ. 1928ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್‌ನ ಕಾರ್ಖಾನೆಯಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದ ಥಾಲೋಸಯನೀನ್ ಎಂಬ ಸಂಯುಕ್ತಗಳ ಕುಟುಂಬವಿದೆ. ಅದರ ತಾಮ್ರದ ರೂಪವೇ ಇಂದು ಮುದ್ರಣದ ಶಾಯಿಯಿಂದ ಹಿಡಿದು ಹತ್ತಿಯ ವೈಡೂರ್ಯನೀಲಿ ಬಣ್ಣಗಳವರೆಗೆ ಎಲ್ಲೆಲ್ಲೂ ಇರುವುದು. ಅಲ್ಲಿ ತಾಮ್ರ ಅಣುವಿನ ನಡುವೆ ಬಿಗಿಯಾಗಿ ಬಂಧಿಯಾಗಿರುವುದರಿಂದ ಅಷ್ಟು ಸುಲಭಕ್ಕೆ ಬಿಡಿಸಿಕೊಳ್ಳದು. ಅದು ತೀವ್ರವಾಗಿ ಬೆಳಕು ಹೀರುವುದರಿಂದ ಸ್ವಲ್ಪವೇ ಸಾಕಾಗುತ್ತದೆ. ಅಂದರೆ ಕೃತಕವೋ ಸಹಜವೋ ಎಂಬ ಗೆರೆ ಎಳೆದು ಒಂದು ಕಡೆ ನಿಂತರೆ ಪ್ರಯೋಜನವಿಲ್ಲ. ಎರಡೂ ಕಡೆ ತಾಮ್ರವಿದೆ. ಅದು ಎಷ್ಟಿದೆ, ಎಷ್ಟು ಬಿಗಿಯಾಗಿದೆ, ಉಳಿದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ವ್ಯತ್ಯಾಸ. ಸಹಜ ಬಣ್ಣದ ಪರವಾಗಿ ನಿಜಕ್ಕೂ ಹೇಳಬಹುದಾದ ಮಾತು ಬೇರೆಯದು. ಸಾಗರದ ಬಳಿ ಹೆಗ್ಗೋಡಿನ ಚರಕ ಸಂಸ್ಥೆ ಅಡಿಕೆ ಬೇಯಿಸಿದ ಚೊಗರನ್ನು ಹತ್ತಿಯ ನೂಲಿಗೆ ಬಣ್ಣವಾಗಿಸಿದೆ. ಊರಿನ ಉಪಉತ್ಪನ್ನವೊಂದು ಊರಿನ ಕಸುಬಾಯಿತು. ಚೊಗರಿನಲ್ಲಿ ಟ್ಯಾನಿನ್ ತಾನಾಗಿಯೇ ಇರುವುದರಿಂದ ಅದು ತನ್ನಷ್ಟಕ್ಕೇ ನೂಲನ್ನು ಹಿಡಿಯುತ್ತದೆ. ತಾಮ್ರ ಬೇಕಾದಾಗ ಮಾತ್ರ, ಬೇಕಾದಷ್ಟು ಮಾತ್ರ ಎಂಬ ನಿಯಮಕ್ಕೆ ಇಂಥ ಬಣ್ಣಗಳು ಸರಿಹೊಂದುತ್ತವೆ.

ತಕ್ಕಡಿ ಹಿಡಿದರೆ ಕೈಕಸುಬಿನ ಸಂತೋಷವೇ ಹೋಗುತ್ತದೆ, ಹಿಂದಿನವರು ಕೈಯಂದಾಜಿನಲ್ಲಿ ಹಾಕುತ್ತಿದ್ದರು ಎಂಬುದು ಕೊನೆಯ ಆಕ್ಷೇಪ. ಹಿಂದಿನವರ ಕೈಯಂದಾಜು ವರ್ಷಗಟ್ಟಲೆ ಒಂದೇ ನೀರು, ಒಂದೇ ಪಾತ್ರೆ, ಒಂದೇ ಮಾಲಿನ ಜೊತೆ ಪಳಗಿದ ಅಳತೆ. ಅದನ್ನು ಅಂದಾಜು ಎಂದು ಕರೆಯುವುದೇ ಅವರಿಗೆ ಮಾಡುವ ಅನ್ಯಾಯ. ವರ್ಷಕ್ಕೆರಡು ಬಾರಿ ಬಣ್ಣ ಹಾಕುವವರಿಗೆ ಆ ಕೈ ಇರುವುದಿಲ್ಲ, ಹಾಗಾಗಿ ತಕ್ಕಡಿ ಬೇಕು. ಅಳೆದು ಹಾಕಿದವರಿಗೆ ಇನ್ನೊಂದು ಲಾಭವೂ ಇದೆ: ಅರ್ಧ ಹೆಣೆದ ಸ್ವೆಟರಿಗೆ ನೂಲು ಸಾಲದೆ ಬಂದರೆ ಅದೇ ಛಾಯೆಯನ್ನು ಮತ್ತೆ ತರಬಹುದು. ಕ್ರಮ ಸರಳವಾಗಿದೆ. ಹತ್ತು ಗ್ರಾಂ ಮೈಲುತುತ್ತವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಂಡರೆ ಅದರ 200 ಮಿಲಿಲೀಟರಿನಲ್ಲಿ ಎರಡು ಗ್ರಾಂ ಇರುತ್ತದೆ. ಸಣ್ಣ ತೂಕ ತೋರಿಸದ ಅಡುಗೆ ತಕ್ಕಡಿಯಿದ್ದರೂ ಕೆಲಸ ನಡೆಯುತ್ತದೆ. ಶೀಶೆಗೆ ಚೀಟಿ ಅಂಟಿಸಿ ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಡಬೇಕು, ಏಕೆಂದರೆ ಆ ನೀಲಿ ನೀರು ಶರಬತ್ತಿನಂತೆ ಕಾಣುತ್ತದೆ. ನೂಲನ್ನು ಮೊದಲೇ ನೆನೆಸಿ, ಉಗುರುಬೆಚ್ಚಗಿನ ನೀರಿನಲ್ಲಿ ಇಳಿಬಿಟ್ಟು, ಮೆಲ್ಲಗೆ 80 ಡಿಗ್ರಿಯವರೆಗೆ ಕಾಯಿಸಿ, ಮುಕ್ಕಾಲು ಗಂಟೆ ಬಿಟ್ಟು, ಅದೇ ನೀರಿನಲ್ಲಿ ಆರಲು ಬಿಡಬೇಕು. ಬಿಸಿಯಿಂದ ತಣ್ಣಗೆ ಒಮ್ಮೆಲೇ ಹಾಕಿ ಕಿವುಚಿದರೆ ಉಣ್ಣೆ ಗಂಟುಗಟ್ಟುತ್ತದೆ. ಪಾತ್ರೆ ಸ್ಟೀಲಿನದಿರಲಿ, ಅಲ್ಯೂಮಿನಿಯಂ ಬೇಡ. ತಾಮ್ರದ ನೀರು ಅದನ್ನು ತಿನ್ನುತ್ತದೆ. ಒಮ್ಮೆ ಬಣ್ಣಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬರಬಾರದು. ಆಮೇಲೆ ಒಗೆಯುವಾಗ ಆಮ್ಲಜನಕದ ಬ್ಲೀಚ್ ಇರುವ ಪುಡಿ ಬಳಸಬಾರದು. ನೂಲಿನಲ್ಲಿರುವ ತಾಮ್ರ ಅದರ ಕ್ರಿಯೆಗೆ ವೇಗ ಕೊಟ್ಟು ಎಳೆಯನ್ನೇ ಸವೆಸುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದ ಎಚ್ಚರ ತಾಮ್ರದ್ದಲ್ಲ, ಅದರ ಜೊತೆ ಸೇರುವ ಮನೆಬಳಕೆಯ ದ್ರವಗಳದ್ದು. ಬೇಗ ಕರಗಲೆಂದು ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡನ್ನು ಬೆರೆಸಿದರೆ ಕಣ್ಣು, ಶ್ವಾಸಕೋಶ ಉರಿಸುವ ಪೆರಾಸಿಟಿಕ್ ಆಮ್ಲ ಹುಟ್ಟುತ್ತದೆ. ಬಟ್ಟೆಯ ಬ್ಲೀಚನ್ನು ಅಮೋನಿಯಾದೊಂದಿಗೆ ಸೇರಿಸಿದರೆ ಕ್ಲೋರಮೀನ್, ವಿನೆಗರ್‌ನೊಂದಿಗೋ ಶೌಚಾಲಯ ತೊಳೆಯುವ ಆಮ್ಲದೊಂದಿಗೋ ಸೇರಿಸಿದರೆ ಕ್ಲೋರಿನ್ ಅನಿಲ. ಮುಚ್ಚಿದ ಬಚ್ಚಲುಮನೆಯಲ್ಲಿ ಎರಡೂ ಪ್ರಾಣಕ್ಕೆ ಎರವಾಗಬಲ್ಲವು. ಬಿಡಿಯಾಗಿ ಎಲ್ಲವೂ ಕಪಾಟಿನಲ್ಲಿರುವ ಪದಾರ್ಥಗಳೇ. ಅವು ಮನೆಯಲ್ಲಿವೆ ಎಂಬುದು ಅವುಗಳನ್ನು ಬೆರೆಸಲು ಪರವಾನಗಿಯಲ್ಲ. ಆದ್ದರಿಂದ ಮನೆಯಲ್ಲಿ ನೂಲಿಗೆ ಬಣ್ಣ ಹಾಕಬೇಕೆನ್ನುವವರು ಮೊದಲು ಪಟಿಕ, ಅರಿಸಿನ, ಚೊಗರು, ದಾಳಿಂಬೆ ಸಿಪ್ಪೆಗಳಿಂದ ಕೈ ಪಳಗಿಸಿಕೊಳ್ಳಲಿ. ತಾಮ್ರದ ಹಸಿರು ಬೇಕೆನಿಸಿದಾಗ ಭರಣಿಯನ್ನು ಬಿಟ್ಟು ಮೈಲುತುತ್ತವನ್ನು ತೂಗಿ ಹಾಕಲಿ, ಅಮೋನಿಯಾವನ್ನು ದೂರವಿಡಲಿ, ಉಳಿದ ನೀರಿಗೆ ಸುಣ್ಣ ಬೆರೆಸದೆ ಚರಂಡಿಯ ಮುಚ್ಚಳ ತೆಗೆಯದಿರಲಿ. ಉಳಿದ ನೀರಿನ ಲೆಕ್ಕ ಕೊಡಲಾಗದ ಬಣ್ಣವನ್ನು ಮನೆಯಲ್ಲಿ ಹಾಕದಿರುವುದೇ ಒಳ್ಳೆಯದು.